ಒಂಬತ್ತು ಸೆಕೆಂಡು

ಗ್ರಾಫಣ್ಣನ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಿನ ಸಿಟ್ಟು ಎಂದು ಜನ ತಿಳಿಯುತ್ತಾರೆ. ಅಲ್ಲ. ಅವರು ತಪ್ಪು ಮಾಡುತ್ತಿದ್ದಾಗ ಎದುರು ಕುರ್ಚಿಯಲ್ಲಿ ಕೂತು, ಟೀ ಕುಡಿಯುತ್ತಾ, "ಸರಿ ಬಿಡಿ" ಎಂದು ತಲೆಯಾಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬಿಟ್ಟು ಅವರೊಬ್ಬರನ್ನೇ ಬೈಯುವುದು ಬೇಡ.

ನಾನು ನರ್ಸು. ಇಪ್ಪತ್ತೆರಡು ವರ್ಷ ಮಕ್ಕಳ ವಾರ್ಡಿನಲ್ಲಿ ಓಡಾಡಿ, ಮಂಡಿ ಕೈಕೊಟ್ಟ ಮೇಲೆ ಫೋನಿನ ಮುಂದೆ ಬಂದು ಕೂತವಳು. ಔಷಧದಂಗಡಿಯ ಮೇಲೆ ಎರಡು ಕೋಣೆ, ಅವುಗಳಲ್ಲಿ ಒಂದು ಫೋನು, ಒಂದು ಕಂಪ್ಯೂಟರು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಮಕ್ಕಳು ನುಂಗಬಾರದ್ದನ್ನು ನುಂಗಿದಾಗ ಮನೆಯವರು ಕೇಳಲಿ ಎಂದು ನಮ್ಮ ಡಾಕ್ಟರಮ್ಮ ಆ ಫೋನನ್ನು ಇಟ್ಟಿದ್ದರು. ಗುಂಡಿ, ನಾಣ್ಯ, ಫಿನಾಯಿಲು, ಅಜ್ಜನ ಬಿಪಿ ಮಾತ್ರೆ. ಅಮ್ಮಂದಿರು ಫೋನಿನಲ್ಲಿ ಅಳುತ್ತಾರೆ, ನಾನು ಗದರುತ್ತೇನೆ, ಅವರು ಅಳು ನಿಲ್ಲಿಸಿ ನಾನು ಹೇಳಿದ್ದನ್ನು ಮಾಡುತ್ತಾರೆ. ಬಾಯಿ ಜೋರು ಎಂದೇ ಡಾಕ್ಟರಮ್ಮ ನನ್ನನ್ನು ಈ ಕೆಲಸಕ್ಕೆ ಆರಿಸಿದ್ದು. ಬಂದ ಪ್ರತಿ ಫೋನನ್ನೂ ನೀಲಿ ರಟ್ಟಿನ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಷ್ಟು ಗಂಟೆಗೆ ಬಂತು, ಮಗುವಿನ ವಯಸ್ಸೆಷ್ಟು, ನುಂಗಿದ್ದೇನು, ನಾನು ಹೇಳಿದ್ದೇನು ಎಂದು ನಾಲ್ಕು ಅಂಕಣ.

ನಮಗೊಂದು ವೆಬ್‌ಸೈಟೂ ಇತ್ತು. ಅದನ್ನು ವೆಬ್‌ಸೈಟ್ ಎನ್ನುವುದಕ್ಕೂ ನಾಚಿಕೆಯಾಗಬೇಕು. ಬಿಳಿ ಪುಟ, ಅದರ ಮೇಲೆ ಅಂಗೈಯಗಲದ ಕೆಂಪು ಅಂಕಿಗಳಲ್ಲಿ ನಮ್ಮ ಫೋನ್ ನಂಬರು, ಕೆಳಗೆ "ಹೆದರಬೇಡಿ, ಫೋನ್ ಮಾಡಿ" ಎಂಬ ಒಂದು ಸಾಲು. ಅಷ್ಟೇ.

ಡಾಕ್ಟರಮ್ಮನಿಗೆ ವಯಸ್ಸಾಗಿ, ಮರೆವು ಬಂದು, ಸಂಸ್ಥೆಯ ಉಸ್ತುವಾರಿ ಅವರ ಅಳಿಯನ ಕೈಗೆ ಬಂತು. ಅಳಿಯಂದಿರು ಕೆಟ್ಟವರಲ್ಲ. ಆದರೆ ಮೀಟಿಂಗಿಗೆ ಹೋಗಿಬಂದರೆಂದರೆ ಎರಡು ದಿನ ನಮ್ಮ ತಲೆ ತಿನ್ನುತ್ತಿದ್ದರು. "ದಿನಕ್ಕೆ ಇಪ್ಪತ್ತು ಜನ ಬರೋ ಸೈಟ್ ಇಟ್ಕೊಂಡು ಯಾರ ಹತ್ರ ಮುಖ ತೋರಿಸ್ಲಿ? ಜನ ಬರ್ಬೇಕು, ಬಂದೋರು ನಿಲ್ಬೇಕು" ಎಂದು ಹೇಳಿ, ಒಂದು ಸೋಮವಾರ ಗ್ರಾಫಣ್ಣನನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದರು.

ಗ್ರಾಫಣ್ಣ ಎಂಬ ಹೆಸರಿಟ್ಟವಳು ನಾನೇ. ಐವತ್ತೊಂದರ ಮನುಷ್ಯ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸುವ ಅಭ್ಯಾಸ. ಇಪ್ಪತ್ತೇಳು ವರ್ಷ ಒಂದು ದಿನಪತ್ರಿಕೆಯಲ್ಲಿ ದುಡಿದಿದ್ದರು. ವರದಿಗಾರರೇ ಎಂದು ನಾನು ಕೇಳಿದ್ದಕ್ಕೆ ಸಂಕೋಚದಿಂದ ನಕ್ಕರು. "ಇಲ್ಲ ಸಿಸ್ಟರ್. ವಾಪಸ್ ವಿಭಾಗ. ಮಾರಾಟ ಆಗ್ದೇ ವಾಪಸ್ ಬಂದ ಪೇಪರ್ ಎಣಿಸೋದು."

ಯಾವ ಊರಿನಿಂದ ಎಷ್ಟು ಕಟ್ಟು ವಾಪಸು ಬಂತು ಎಂದು ಎಣಿಸುವುದೇ ಅವರ ಜೀವನವಾಗಿತ್ತು. ಬಿಚ್ಚದೆಯೇ ಹಿಂದಿರುಗಿದ ಕಟ್ಟುಗಳನ್ನು ಅವರಿಂದ ನೋಡಲಾಗುತ್ತಿರಲಿಲ್ಲವಂತೆ. ಬರೆದವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದಿರುತ್ತಾರೆ, ಯಾರೂ ಮಡಿಕೆ ಸಹ ಬಿಚ್ಚಿಲ್ಲ. ವರ್ಷದಿಂದ ವರ್ಷಕ್ಕೆ ಕಟ್ಟುಗಳು ಬೆಳೆದವು, ಕೊನೆಗೊಂದು ದಿನ ಪತ್ರಿಕೆ ನಿಂತುಹೋಯಿತು. ಎಲ್ಲರಿಗಿಂತ ಮೊದಲೇ ಅದು ಗೊತ್ತಿದ್ದದ್ದು ಇವರೊಬ್ಬರಿಗೆ. ಆಮೇಲೆ ಎರಡು ವರ್ಷ ಮನೆಯಲ್ಲಿ ಕೂತರು. ಮಗಳ ಕಾಲೇಜಿನ ಪಾಠಗಳನ್ನು ಅವಳ ಪಕ್ಕದಲ್ಲೇ ಕೂತು ಕೇಳಿ, ವೆಬ್‌ಸೈಟಿಗೆ ಬಂದುಹೋದವರ ಲೆಕ್ಕ ನೋಡುವ ಕೆಲಸ ಕಲಿತರು. "ಅಪ್ಪನಿಗೆ ಹೇಳ್ಕೊಡೋ ಹೊತ್ತಿಗೆ ನನಗೇ ಬಾಯಿಪಾಠ ಆಯ್ತು" ಎಂದು ಆ ಹುಡುಗಿ ಒಮ್ಮೆ ಆಫೀಸಿಗೆ ಬಂದಾಗ ನಗುತ್ತಾ ಹೇಳಿದ್ದಳು. ಈ ವಯಸ್ಸಿನಲ್ಲಿ ಮತ್ತೆ ಒಂದು ಮೇಜು, ಒಂದು ಕುರ್ಚಿ ಸಿಕ್ಕಿದ್ದಕ್ಕೆ ಆ ಮನುಷ್ಯ ಎಷ್ಟು ಹಿಗ್ಗಿದ್ದರೆಂದರೆ, ಮೊದಲ ವಾರವೆಲ್ಲ ನನಗಿಂತ ಅರ್ಧ ಗಂಟೆ ಮುಂಚೆ ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದರು.

ಮೊದಲ ಎರಡು ತಿಂಗಳು ಅವರು ಏನನ್ನೂ ಮುಟ್ಟಲಿಲ್ಲ, ಬರೀ ನೋಡಿದರು. ಸೈಟಿಗೆ ಯಾರು ಯಾವಾಗ ಬಂದರು, ಏನೆಂದು ಹುಡುಕಿಕೊಂಡು ಬಂದರು, ಎಷ್ಟು ಹೊತ್ತು ನಿಂತರು, ಪುಟದ ಎಷ್ಟು ಕೆಳಗಿನವರೆಗೆ ಹೋದರು, ಎಲ್ಲವೂ ಗ್ರಾಫಾಗಿ ಅವರ ಪರದೆಯ ಮೇಲೆ ಬರುತ್ತಿತ್ತು. ಜನ ಹುಡುಕಲು ಬರೆದ ಮಾತುಗಳನ್ನು ನನಗೂ ಓದಿ ಹೇಳುತ್ತಿದ್ದರು. "ಅತ್ತೆಗೆ ಗೊತ್ತಾಗದ ಹಾಗೆ ಮಗುವಿನ ಹೊಟ್ಟೆಯಿಂದ ಅತ್ತೆಯ ಉಂಗುರ ತೆಗೆಯುವುದು ಹೇಗೆ" ಎಂಬುದನ್ನು ಓದಿದ ದಿನ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆದರೆ ಒಂದು ಅಂಕಿ ಅವರನ್ನು ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿಯನ್ನು ಹಾಗೆಯೇ ಮುಚ್ಚಿಟ್ಟು ನನ್ನನ್ನು ಕರೆದರು.

"ಸಿಸ್ಟರ್, ಇಲ್ನೋಡಿ. ಬರ್ತಾರೆ, ಒಂಬತ್ತು ಸೆಕೆಂಡು ನಿಲ್ತಾರೆ, ಹೋಗ್ತಾರೆ. ಇವತ್ತಿನೋರು, ನಿನ್ನೆಯೋರು, ಎಲ್ಲಾ ಅಷ್ಟೇ. ಎಂಟು, ಒಂಬತ್ತು, ಹತ್ತು."

"ಹೋಗ್ಲಿ ಬಿಡಿ ಅಣ್ಣಾ, ಅದಕ್ಯಾಕೆ ಊಟ ಬಿಡ್ತೀರಿ?"

"ಇದು ವಾಪಸ್ ಬಂದ ಕಟ್ಟು ಸಿಸ್ಟರ್. ಬಿಚ್ಚೂ ನೋಡ್ಲಿಲ್ಲ."

ಆ ಮಾತು ಹೇಳುವಾಗ ಅವರ ಮುಖ ಬಾಡಿತ್ತು. ನಾನು ಏನೂ ಯೋಚಿಸಲಿಲ್ಲ. ಆ ಹೊತ್ತಿಗೆ ಫೋನ್ ಬಂತು, ಎತ್ತಿಕೊಂಡೆ, ಎರಡು ವರ್ಷದ ಮಗು, ಬೂಟ್ ಪಾಲಿಶು, ಬರೆದುಕೊಂಡೆ. ನನ್ನ ಪುಸ್ತಕಕ್ಕೂ ಅವರ ಪರದೆಗೂ ನಡುವೆ ಮೂರಡಿ ಮೇಜು.

ಆಮೇಲೆ ಗ್ರಾಫಣ್ಣ ಕೆಲಸಕ್ಕೆ ಇಳಿದರು. ನನ್ನನ್ನು ಕೂರಿಸಿಕೊಂಡು ಒಂದೊಂದೇ ವಸ್ತುವಿನ ಬಗ್ಗೆ ಕೇಳಿ, ಬರೆದು, ತಿದ್ದಿ, ಅರವತ್ತೆರಡು ಪುಟ ಮಾಡಿದರು. ಸೀಮೆಎಣ್ಣೆಗೊಂದು ಪುಟ, ಗುಂಡಿಗೊಂದು, ಇಲಿ ಪಾಷಾಣಕ್ಕೊಂದು. ಜನ ಹುಡುಕುವ ಮಾತುಗಳನ್ನೇ ತಲೆಬರಹ ಮಾಡಿದರು. ಎಷ್ಟು ಚೆನ್ನಾಗಿ ಬರೆಯುತ್ತಿದ್ದರೆಂದರೆ, ಇವರನ್ನು ಆ ಪತ್ರಿಕೆಯವರು ಕಟ್ಟು ಎಣಿಸಲು ಯಾಕೆ ಕೂರಿಸಿದ್ದರೋ ಎಂದು ನಾನು ಅಂದುಕೊಳ್ಳುತ್ತಿದ್ದೆ. ಪುಟ ತೆರೆದರೆ ಮೊದಲು ಒಂದು ಮನೆಯ ಚಿತ್ರ, ಆಮೇಲೆ ಮಕ್ಕಳು ಯಾಕೆ ಎಲ್ಲವನ್ನೂ ಬಾಯಿಗಿಡುತ್ತಾರೆ ಎಂಬ ವಿವರ, ಆಮೇಲೆ ಆ ವಸ್ತುವಿನೊಳಗೆ ಏನಿರುತ್ತದೆ ಎಂಬುದು, ಮಾಡಬೇಕಾದ್ದು ಮಾಡಬಾರದ್ದು ಆರನೆಯ ಪ್ಯಾರಾದಲ್ಲಿ.

"ನಂಬರ್ ಎಲ್ಲಿ ಹೋಯ್ತು ಅಣ್ಣಾ?" ಎಂದು ಕೇಳಿದೆ. ಕೇಳಿದ್ದು ನಿಜ.

"ಕೊನೇಲಿದೆ ಸಿಸ್ಟರ್. ಮೇಲಿಟ್ರೆ ನೋಡ್ತಾರೆ, ಹೋಗ್ಬಿಡ್ತಾರೆ. ಕೆಳಗಿಟ್ರೆ ಪೂರ್ತಿ ಓದ್ಕೊಂಡು ಬರ್ತಾರೆ. ನಾಲ್ಕು ವಿಷಯ ತಿಳ್ಕೊಂಡು ಫೋನ್ ಮಾಡಿದ್ರೆ ನಿಮಗೂ ಹಗುರ."

"ಸರಿ ಬಿಡಿ" ಎಂದೆ.

ಆರು ತಿಂಗಳಲ್ಲಿ ದಿನಕ್ಕೆ ಇಪ್ಪತ್ತು ಜನ ಬರುತ್ತಿದ್ದಲ್ಲಿ ಒಂಬೈನೂರು ಜನ ಬರತೊಡಗಿದರು. ಒಂಬತ್ತು ಸೆಕೆಂಡು ಹೋಗಿ ಮೂರು ನಿಮಿಷ ನಲವತ್ತು ಸೆಕೆಂಡು ಆಯಿತು. ಅಳಿಯಂದಿರು ಆ ಏರುವ ಗೆರೆಯನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರು, ಮೀಟಿಂಗಿನಲ್ಲಿ ಗ್ರಾಫಣ್ಣನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಅವರ ಹೆಂಡತಿ, ಮಗಳು ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಗಳು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನಾನೂ ತಟ್ಟಿದೆ.

ಅಷ್ಟರಲ್ಲಿ ನನ್ನ ಫೋನು ದಿನಕ್ಕೆ ಹದಿನೆಂಟು ಸಲ ಬಡಿದುಕೊಳ್ಳುತ್ತಿದ್ದುದು ನಾಲ್ಕಕ್ಕೆ ಇಳಿದಿತ್ತು. ನಾನು ಅದನ್ನು ಹೇಳಿದಾಗ ಗ್ರಾಫಣ್ಣ ಖುಷಿಪಟ್ಟರು. "ಓದಿ ತಿಳ್ಕೊಳ್ತಿದ್ದಾರಲ್ಲ, ಫೋನ್ ಯಾಕೆ ಬೇಕು? ನೋಡಿ, ನಿಮ್ಮ ಮಾತನ್ನೇ ಬರೆದಿರೋದು." ನನಗೂ ಹೌದೆನಿಸಿತು. ಕಿವಿಗೆ ವಿಶ್ರಾಂತಿ ಸಿಕ್ಕಿತ್ತು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಲು ಪುರುಸೊತ್ತು ಸಿಕ್ಕಿತ್ತು. ಯಾರಿಗೆ ಬೇಡ ಹೇಳಿ.

ಅದೊಂದು ಗುರುವಾರ. ಮಧ್ಯಾಹ್ನ ಎರಡೂ ಇಪ್ಪತ್ತೈದಕ್ಕೆ ಫೋನ್ ಬಂತು. ಹೆಂಗಸಿನ ದನಿ. ಹಿಂದೆ ಇನ್ನಾರೋ ಕೂಗುತ್ತಿದ್ದರು.

"ಮಗು ಥಿನ್ನರ್ ಕುಡೀತು ಅಮ್ಮಾ. ಅವರಪ್ಪ ಪೇಂಟಿಂಗ್ ಕೆಲಸ, ನೀರಿನ ಬಾಟ್ಲಲ್ಲಿ ಇಟ್ಟಿದ್ರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ವಿ. ಈಗ ಉಸಿರು ಒಂಥರಾ ಎಳೀತಿದೆ..."

ಥಿನ್ನರ್ ಹೊಟ್ಟೆಯಲ್ಲಿದ್ದರೆ ಅಷ್ಟು ಕೇಡು ಮಾಡುವುದಿಲ್ಲ. ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಮಗುವಿನ ಪ್ರಾಣಕ್ಕೇ ಸಂಚಕಾರ. ಹೊಸದಾಗಿ ಬಂದ ನರ್ಸಿಗೂ ಗೊತ್ತಿರುವ ವಿಷಯ ಅದು. ನಾನು ಕೂಗಿಬಿಟ್ಟೆ.

"ವಾಂತಿ ಯಾಕ್ರೀ ಮಾಡಿಸಿದ್ರಿ! ಯಾರು ಹೇಳಿದ್ದು ನಿಮಗೆ? ಮೊದ್ಲು ಫೋನ್ ಮಾಡೋಕೆ ಏನಾಗಿತ್ತು?"

"ನಂಬರ್ ಸಿಗ್ಲಿಲ್ಲಮ್ಮ. ಪೇಜ್ ಸಿಕ್ತು, ನಂಬರ್ ಸಿಗ್ಲಿಲ್ಲ. ಮೇಲೆ ಕೆಳಗೆ ಮಾಡ್ತಾನೇ ಇದ್ದೆ, ಮಾಡ್ತಾನೇ ಇದ್ದೆ. ಪಕ್ಕದ್ಮನೆ ಅಕ್ಕ ಬಂದು ಸುಮ್ನೆ ಕೂರ್ಬೇಡ, ವಾಂತಿ ಮಾಡ್ಸು ಅಂದ್ರು. ಈಗ ನಮ್ಮ ತಮ್ಮ ಬಂದು ನಂಬರ್ ಹುಡುಕ್ಕೊಟ್ಟ..."

ಆಸ್ಪತ್ರೆಗೆ ಓಡಿ ಎಂದೆ, ಹೇಗೆ ಎತ್ತಿಕೊಳ್ಳಬೇಕೆಂದು ಹೇಳಿದೆ, ಅಲ್ಲಿಯ ಸಿಸ್ಟರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಫೋನ್ ಇಟ್ಟು ತಿರುಗಿದರೆ ಗ್ರಾಫಣ್ಣ ನಿಂತಿದ್ದರು. ನನ್ನ ಮಾತಷ್ಟೇ ಅವರಿಗೆ ಕೇಳಿಸಿತ್ತು. ಆಕೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಿದೆ. ಮೆಲ್ಲಗೆ ಹೇಳಬಹುದಿತ್ತು, ಹೇಳಲಿಲ್ಲ. ಅವರು ಕುರ್ಚಿಯ ಮೇಲೆ ಕೂತರು. ಒರೆಸದೆ ಕೂತರು.

ಎರಡು ವರ್ಷದ ಹೆಣ್ಣುಮಗು. ಮೂರು ದಿನ ಬದುಕಿತ್ತು.

ಭಾನುವಾರ ಸಂಜೆ ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿ ಹೇಳಿದಳು. ಸೋಮವಾರ ನಾನು ಆಫೀಸಿಗೆ ಹೋಗುವ ಹೊತ್ತಿಗೆ ಗ್ರಾಫಣ್ಣ ಬಂದಾಗಿತ್ತು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ಅವಳು ಬಂದದ್ದು ಸಿಸ್ಟರ್. ಎರಡೂ ಹದಿನಾಲ್ಕಕ್ಕೆ. ಥಿನ್ನರ್ ಪುಟ. ಏಳು ನಿಮಿಷ ಆರು ಸೆಕೆಂಡು ನಿಂತಿದ್ದಾಳೆ. ಕೆಳಗೆ ಹೋಗಿದ್ದಾಳೆ, ಮೇಲೆ ಬಂದಿದ್ದಾಳೆ, ಮತ್ತೆ ಕೆಳಗೆ."

ಪರದೆಯ ಮೇಲೆ ಆ ಗುರುವಾರದ ಅತ್ಯುತ್ತಮ ಓದುಗರ ಪಟ್ಟಿ ಇತ್ತು. ಇಪ್ಪತ್ತು ಜನರ ಪಟ್ಟಿ, ಅದನ್ನು ಅಳಿಯಂದಿರಿಗೆ ತೋರಿಸಲೆಂದು ಯಂತ್ರ ತಾನಾಗಿಯೇ ಮಾಡುತ್ತಿತ್ತು. ಆಕೆ ಅದರಲ್ಲಿ ಮೂರನೆಯವಳು. ಆಕೆ ಓದಲಿಲ್ಲ, ಹುಡುಕಿದಳು. ಯಂತ್ರಕ್ಕೆ ಎರಡೂ ಒಂದೇ. ಪಕ್ಕದಲ್ಲಿ ಹಸಿರು ಬಣ್ಣದ ಗುರುತು ಬೇರೆ.

"ನಿಮ್ಮ ಹಳೇ ಪುಸ್ತಕ ಕೊಡ್ತೀರಾ?" ಎಂದು ಕೇಳಿದರು.

ಕೊಟ್ಟೆ. ಅವರು ಬಂದ ಹೊಸದರಲ್ಲಿ ಬರೀ ನೋಡುತ್ತಾ ಕೂತಿದ್ದ ಆ ಎರಡು ತಿಂಗಳ ಪುಟಗಳನ್ನು ತೆಗೆದರು. ಒಂದು ಕೈ ಪುಸ್ತಕದ ಮೇಲೆ, ಒಂದು ಕೈ ಪರದೆಯ ಮೇಲೆ. ಹತ್ತೂ ಇಪ್ಪತ್ತಕ್ಕೆ ಒಬ್ಬರು ಬಂದು ಒಂಬತ್ತು ಸೆಕೆಂಡಿಗೆ ಹೋಗಿದ್ದರು. ಪುಸ್ತಕದಲ್ಲಿ ಹತ್ತೂ ಇಪ್ಪತ್ತಕ್ಕೆ ಫೋನು, ಒಂದು ವರ್ಷದ ಗಂಡುಮಗು, ನುಸಿಗುಳಿಗೆ. ಹನ್ನೊಂದೂ ಐದಕ್ಕೆ ಒಬ್ಬರು, ಎಂಟು ಸೆಕೆಂಡು. ಪುಸ್ತಕದಲ್ಲಿ ಮೂರು ವರ್ಷ, ನಾಣ್ಯ. ಹನ್ನೆರಡೂ ನಲವತ್ತು, ಒಂಬತ್ತು ಸೆಕೆಂಡು; ಬೂಟ್ ಪಾಲಿಶು. ಅವರು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಚಿಕ್ಕ ಗುರುತು ಹಾಕುತ್ತಾ ಹೋದರು. ಒಂಬತ್ತು ಸೆಕೆಂಡೆಂದರೆ ಕೆಂಪು ಅಂಕಿಗಳನ್ನು ನೋಡಿ ಒತ್ತಲು ತಾಯಿಗೆ ಬೇಕಾಗುತ್ತಿದ್ದ ಹೊತ್ತು. ಮೂರು ದಿನ ಹೀಗೇ ಕೂತರು. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ನಾಲ್ಕನೆಯ ದಿನ ಪುಸ್ತಕ ಮುಚ್ಚಿ, "ಒಂದೂ ವಾಪಸ್ ಬಂದಿರ್ಲಿಲ್ಲ ಸಿಸ್ಟರ್. ಎಲ್ಲಾ ಕಟ್ಟೂ ಬಿಚ್ಚಿದ್ರು" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ವಾರ್ಡಿನಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಇಂಥ ದಿನ ನೋಡಿರಲಿಲ್ಲ.

ಆ ಮನೆಗೆ ಹೋಗಬೇಕೆಂದು ಅವರು ಹಟ ಹಿಡಿದರು. ಬೇಡ ಎಂದೆ, ಕೇಳಲಿಲ್ಲ, ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಮೂರನೆಯ ಮಹಡಿ. ಗೋಡೆಗೆ ಹೊಸ ಬಣ್ಣ, ಬಾಗಿಲ ಬಳಿ ಬ್ರಶ್ಶುಗಳು ಒಣಗಿ ಕಡ್ಡಿಯಾಗಿದ್ದವು. ಗಂಡ ಕೆಲಸಕ್ಕೆ ಹೋಗುವುದನ್ನೇ ಬಿಟ್ಟು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಕೆಗೆ ಇಪ್ಪತ್ತೈದಿರಬಹುದು. ನನ್ನ ದನಿ ಕೇಳಿಯೇ ಗುರುತು ಹಿಡಿದು, ನನ್ನೆರಡು ಕೈ ಹಿಡಿದುಕೊಂಡಳು.

"ನಿಮ್ಮದೇನೂ ತಪ್ಪಿಲ್ಲಮ್ಮ, ನೀವು ಬೈದಿದ್ದು ಸರಿಯಾಗೇ ಇತ್ತು. ನಂಬರ್ ಅಲ್ಲೇ ಇತ್ತಂತೆ. ಆಮೇಲೆ ನಮ್ಮ ತಮ್ಮ ತೋರಿಸ್ದ. ನನಗೇ ಕಣ್ಣಿಗೆ ಮಂಕು ಕವಿದಿತ್ತು. ಎದುರಿಗಿರೋ ನಂಬರ್ ಕಾಣ್ಲಿಲ್ಲ ನನಗೆ."

"ಇಲ್ಲಮ್ಮ" ಎಂದರು ಗ್ರಾಫಣ್ಣ. "ಎದುರಿಗಿರ್ಲಿಲ್ಲ. ಮೊದ್ಲು ಎದುರಿಗಿತ್ತು. ತೆಗೆದು ಕೆಳಗಿಟ್ಟಿದ್ದು ನಾನು."

ಆಕೆಗೆ ಅರ್ಥವಾಗಲಿಲ್ಲ. ಯಾಕೆ ಕೆಳಗಿಟ್ಟಿರಿ ಎಂದು ಕೇಳಿದಳು, ಸಿಟ್ಟಿಲ್ಲದೆ, ತಿಳಿದುಕೊಳ್ಳುವವರ ಹಾಗೆ. ಗ್ರಾಫಣ್ಣ ಬಾಯಿ ತೆರೆದರು. 'ಜನ ನಿಲ್ಲಲಿ ಅಂತ' ಎಂದು ಹೇಳಬೇಕಾಗಿತ್ತು. ಅವರಿಂದ ಆಗಲಿಲ್ಲ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲಿಳಿದರು. ಆಕೆ ಇಂದಿಗೂ ತನ್ನ ಕಣ್ಣನ್ನೇ ದೂರುತ್ತಿರಬೇಕು.

ಮರುದಿನ ಅವರು ಯಾರನ್ನೂ ಕೇಳದೆ ಅರವತ್ತೆರಡು ಪುಟಗಳ ತಲೆಯ ಮೇಲೂ ಅಂಗೈಯಗಲದ ಕೆಂಪು ನಂಬರು ಹಾಕಿದರು. ಮನೆಯ ಚಿತ್ರ, ವಿವರ ಎಲ್ಲ ಕಿತ್ತರು. ಮಾಡಬಾರದ್ದನ್ನು ಮೊದಲ ಸಾಲಿಗೆ ತಂದರು. ಮೂರು ನಿಮಿಷ ನಲವತ್ತು ಸೆಕೆಂಡು ಒಂದೇ ವಾರದಲ್ಲಿ ಹನ್ನೊಂದು ಸೆಕೆಂಡಿಗೆ ಬಿತ್ತು. ಫೋನು ದಿನಕ್ಕೆ ಒಂಬತ್ತು, ಹತ್ತು, ಹದಿಮೂರು ಸಲ ಬಡಿದುಕೊಂಡಿತು. ಗೋಡೆಯ ಮೇಲೆ ಏರುತ್ತಾ ಬಂದಿದ್ದ ಗೆರೆ ಆ ತಿಂಗಳು ಕೆಳಗಿಳಿಯಿತು.

ಅಳಿಯಂದಿರು ಬಂದರು. ಗ್ರಾಫಣ್ಣ ಎಲ್ಲವನ್ನೂ ಹೇಳಿದರು. ಪುಸ್ತಕ ತೋರಿಸಿದರು, ಪೆನ್ಸಿಲಿನ ಗುರುತು ತೋರಿಸಿದರು.

"ಆಗಿದ್ದು ಆಗಿಹೋಯ್ತು, ನನಗೂ ಬೇಜಾರಿದೆ. ಆದ್ರೆ ಒಂದು ಕೇಸ್ ಆಯ್ತು ಅಂತ ಒಂಬೈನೂರು ಜನರನ್ನ ಓಡಿಸೋಕಾಗುತ್ತೇನ್ರೀ? ಮುಂದಿನ ತಿಂಗಳು ಮೀಟಿಂಗಲ್ಲಿ ಈ ಗೆರೆ ಹೆಂಗೆ ತೋರಿಸ್ಲಿ?"

"ಆ ಗೆರೇಲಿ ಆ ಮಗೂನೂ ಇದೆ ಸರ್" ಎಂದರು ಗ್ರಾಫಣ್ಣ.

ಅವರ ಕೆಲಸ ಹೋಯಿತು. ಈಗ ಒಂದು ಕಂಪನಿಯವರು ದೂರದಿಂದಲೇ ಸೈಟ್ ನೋಡಿಕೊಳ್ಳುತ್ತಾರೆ. ನಂಬರು ಮತ್ತೆ ಕೆಳಗಿಳಿದಿದೆ. ನಾನು ಜಗಳವಾಡಿದ್ದೇನೆ, ಕಾಗದ ಬರೆದಿದ್ದೇನೆ, ಅಳಿಯಂದಿರ ಮನೆಗೇ ಹೋಗಿ ಕೂಗಾಡಿ ಬಂದಿದ್ದೇನೆ. ಒಳಕೋಣೆಯಿಂದ ಡಾಕ್ಟರಮ್ಮ ಬಂದು, ನನ್ನ ಗುರುತು ಹತ್ತದೆ, ಯಾರಮ್ಮ ನೀನು, ಮಗು ಏನು ನುಂಗಿತು ಎಂದು ಕೇಳಿದರು. ಫೋನು ದಿನಕ್ಕೆ ಐದು ಸಲ ಬರುತ್ತದೆ. ಬಾರದ ಹದಿಮೂರನ್ನು ಎಣಿಸುತ್ತಾ ಕೂತಿರುತ್ತೇನೆ.

ಕೊನೆಯ ದಿನ ಗ್ರಾಫಣ್ಣ ಮೇಜು ಒರೆಸಿ, ಎರಡು ಪೆನ್ನು ಜೇಬಿಗಿಟ್ಟು ನನ್ನ ಬಳಿ ಬಂದರು. ಆ ಗುರುವಾರದ ಪುಟ ತೆಗೆಯಿರಿ ಎಂದರು. ತೆಗೆದೆ. ಎರಡೂ ಇಪ್ಪತ್ತೈದರ ಸಾಲಿನ ಮೇಲೆ ಒಂದು ಸಾಲು ಖಾಲಿಯಿತ್ತು.

"ಎರಡೂ ಹದಿನಾಲ್ಕಕ್ಕೆ ಅವಳು ಫೋನ್ ಮಾಡಿದ್ರೆ ನೀವು ಏನು ಹೇಳ್ತಿದ್ರಿ?"

"ಯಾಕೆ ಅಣ್ಣಾ ಈಗ ಅದೆಲ್ಲ..."

"ಹೇಳಿ ಸಿಸ್ಟರ್."

"ವಾಂತಿ ಮಾಡಿಸ್ಬೇಡಿ. ಬಾಯಿ ಒರೆಸಿ, ಎತ್ಕೊಂಡು ಆಸ್ಪತ್ರೆಗೆ ಹೊರಡಿ."

ಅವರು ಕೈಗಡಿಯಾರ ನೋಡುತ್ತಿದ್ದರು. "ನಾಲ್ಕು ಸೆಕೆಂಡು" ಎಂದರು. "ಒಂಬತ್ತು, ನಾಲ್ಕು. ಹದಿಮೂರು ಸೆಕೆಂಡಲ್ಲಿ ಮುಗೀತಿತ್ತು. ಬರೀರಿ."

ಪೆನ್ನು ಹಿಡಿದೆ. ಬಾರದ ಫೋನನ್ನು ಬರೆಯಲಾರದೆ ಕೆಳಗಿಟ್ಟೆ. ಆಗ ಅವರು ತಮ್ಮ ಜೇಬಿನಿಂದ ಪೆನ್ನು ತೆಗೆದು, ಬಗ್ಗಿ ನಿಂತು, ತಾವೇ ನಾಲ್ಕು ಅಂಕಣವನ್ನೂ ತುಂಬಿದರು. ಶಾಯಿ ಒಣಗುವವರೆಗೆ ಕಾದು ಪುಸ್ತಕ ಮುಚ್ಚಿ, ಮೆಟ್ಟಿಲಿಳಿದು ಹೋದರು. ಆ ಪುಸ್ತಕದಲ್ಲಿ ನನ್ನ ಅಕ್ಷರವಲ್ಲದ ಸಾಲು ಅದೊಂದೇ.